ಹುಲ್ಲು, ಹಗ್ಗ ಮತ್ತು ಒಂದು ತಂಬಿಗೆ

ಹೋದ ತಿಂಗಳು ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ನಮ್ಮೂರು ತಿಕೋಟಾ ಹತ್ತಿರ ಒಂದು ಸಣ್ಣ ಹಳ್ಳಿ. ವಿಜಯಪುರದಿಂದ ಅಥಣಿ ರಸ್ತೆ ಹಿಡಿದರೆ ಸುಮಾರು ಇಪ್ಪತ್ತು ಕಿಲೋಮೀಟರಿಗೆ ತಿಕೋಟಾ, ಅಲ್ಲಿಂದ ಒಳಗೆ. ಹಳೇ ಮನೆಯ ಮಾಳಿಗೆ ಸೋರ್ತಿದೆ, ಮಳೆಗಾಲಕ್ಕೆ ಮುಂಚೆ ಸಾಮಾನೆಲ್ಲ ತೆಗೆದು ರಿಪೇರಿ ಮಾಡಿಸಬೇಕು ಅಂತ ಅಪ್ಪ ಮೂರು ತಿಂಗಳಿಂದ ಫೋನಲ್ಲಿ ಹೇಳ್ತಾನೇ ಇದ್ದರು. ಕೊನೆಗೆ ಒಂದು ರಿಲೀಸ್ ಮುಗಿಸಿ, ಲ್ಯಾಪ್‌ಟಾಪ್ ಬೆಂಗಳೂರಲ್ಲೇ ಬಿಟ್ಟು ಹೊರಟೆ.

ಅಟ್ಟದ ಮೂಲೆಯಲ್ಲಿ ಒಂದು ಚಾಪೆ ಸಿಕ್ಕಿತು. ಈಚಲ ಗರಿಯದ್ದು. ಸುರುಳಿ ಸುತ್ತಿ, ಪುಂಡಿ ನಾರಿನ ಹಗ್ಗದಿಂದ ಬಿಗಿದಿಟ್ಟಿದ್ದರು. ಚಾಪೆಯ ಅಂಚು ಇಲಿ ಕಡಿದಿತ್ತು, ಆದರೆ ಹಗ್ಗ ಮಾತ್ರ ಹಾಗೇ ಗಟ್ಟಿ. ಗಂಟು ಬಿಚ್ಚೋಕೆ ನನಗೆ ಹತ್ತು ನಿಮಿಷ ಬೇಕಾಯ್ತು. "ಒಗಿಯೋ ಅದನ್ನ, ಎದಕ ಬರ್ತೈತಿ" ಅಂದಳು ಅವ್ವ. ನಾನು ಒಗೆಯಲಿಲ್ಲ. ಯಾಕೆ ಅಂದರೆ ಆ ಚಾಪೆ ತಂದುಕೊಟ್ಟವಳ ಮುಖ ತಟ್ಟನೆ ನೆನಪಾಯ್ತು.

ನಾನಾಗ ಎರಡನೇ ಇಯತ್ತೆಯೋ ಮೂರನೇ ಇಯತ್ತೆಯೋ. ವರ್ಷಕ್ಕೆ ಎರಡು ಮೂರು ಸಲ ಒಬ್ಬ ಮುದುಕಿ ನಮ್ಮ ಓಣಿಗೆ ಬರ್ತಿದ್ದಳು. ತಲೆ ಮೇಲೆ ಚಾಪೆಗಳ ಸುರುಳಿ, ಕಂಕುಳಲ್ಲಿ ಕಸಬರಿಗಿ, ಹೆಗಲಿಗೆ ಹಗ್ಗದ ಸಿಂಬಿ. ದುಡ್ಡು ಕೇಳ್ತಿದ್ದದ್ದು ಕಡಿಮೆ, ಜೋಳ ಕೊಟ್ಟರೂ ಸರಿ. ನಮ್ಮ ಆಯಿ ಆಕೆಯ ಜೊತೆ ಕಟ್ಟೆ ಮೇಲೆ ಕೂತು ತಾಸುಗಟ್ಟಲೆ ಮಾತಾಡ್ತಿದ್ದಳು. ಒಂದು ಸಲ ಆಕೆ ಬಂದು ಹೋದ ದಿನ ಮನೆಯ ಹಿತ್ತಾಳೆ ತಂಬಿಗೆ ಕಾಣದಾಯ್ತು. ಮುತ್ಯಾ ಎರಡು ಸಲ ಯೋಚನೆ ಮಾಡಲಿಲ್ಲ. "ಅಕೀನ ಒಯ್ದಿರ್ತಾಳ. ಅವರ ಮಂದೀನ ಹಂಗ" ಅಂದ. ಮುಂದಿನ ಸಲ ಆಕೆ ಬಂದಾಗ ಓಣಿಯ ಬಾಯಲ್ಲೇ ನಿಲ್ಲಿಸಿ, ಗಂಟು ಬಿಚ್ಚಿಸಿ, ಎಲ್ಲರ ಎದುರಿಗೆ ಒಂದೊಂದೇ ಸಾಮಾನು ತೆಗೆಸಿ ನೋಡಿದರು. ನಾನೂ ನೋಡ್ತಾ ನಿಂತಿದ್ದೆ. ಚಾಪೆ, ಕಸಬರಿಗಿ, ಒಂದು ಸೀರೆ, ಅಷ್ಟೇ. ಆಕೆ ಮತ್ತೆ ನಮ್ಮ ಓಣಿಗೆ ಬರಲಿಲ್ಲ.

"ಅವರ ಮಂದೀನ ಹಂಗ" ಅನ್ನೋ ಮಾತು ಎಲ್ಲಿಂದ ಬಂತು? ಈ ಪ್ರಶ್ನೆ ಹಿಡಿದು ಹೊರಟವನಿಗೆ ಸಿಕ್ಕಿದ್ದು ನಮ್ಮ ಜಿಲ್ಲೆಯದೇ ಒಂಬೈನೂರು ವರ್ಷದ ಕಥೆ. ಅದನ್ನೇ ಇಲ್ಲಿ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ, ಚಹಾ ತಗೊಂಡು ಕೂತು ಓದಿ.

ಮೊದಲು ಹುಲ್ಲಿನ ವಿಷಯ. ಬಿಜಾಪುರ ಅಂದ ಕೂಡಲೇ (2014ರ ನವೆಂಬರ್ 1ರಿಂದ ಅಧಿಕೃತವಾಗಿ ವಿಜಯಪುರ, ಆದರೆ ನಾಲಿಗೆ ಕೇಳಬೇಕಲ್ಲ) ಎಲ್ಲರ ಕಣ್ಣಿಗೆ ಬರೋದು ಬಿಸಿಲು, ಬರ, ಗೋಳಗುಮ್ಮಟ. ನೀರಲ್ಲಿ ಬೆಳೆಯೋ ಹುಲ್ಲು ಇಲ್ಲೆಲ್ಲಿಂದ ಬಂತು ಅಂತೀರಿ. ಆದರೆ ನಮ್ಮಲ್ಲಿ ಡೋಣಿ ಹೊಳೆ ಇದೆ. ಜತ್ತ ಕಡೆ ಹುಟ್ಟಿ, ಸಾರವಾಡದ ಪಕ್ಕ ಹರಿದು, ಮುಂದೆ ಕೃಷ್ಣೆಗೆ ಸೇರುತ್ತೆ. ನೀರು ಸವುಳು, ಕುಡಿಯೋಕೆ ಬರಲ್ಲ, ಆದರೆ ಡೋಣಿ ಹರಿದರೆ ಓಣಿಯೆಲ್ಲ ಕಾಳು ಅಂತ ಗಾದೆ ಇದೆ. ಆದಿಲಶಾಹಿಗಳು ಕಟ್ಟಿಸಿದ ಕೆರೆಗಳಿವೆ. ಬಬಲೇಶ್ವರ ತಾಲೂಕಿನ ಮಮದಾಪುರದ ಜೋಡಿ ಕೆರೆಗಳು 1633ರವು, ವಿಜಯಪುರದ ಬೇಗಂ ತಾಲಾಬು 1651ರದ್ದು. ಎರಡೂ ಮಹಮ್ಮದ್ ಆದಿಲಶಾಹನ ಕಾಲದವು. ಇಂಥ ಕೆರೆ ಹಳ್ಳಗಳ ದಂಡೆಯಲ್ಲಿ ಆಪು, ಜೇಕು ತಾನಾಗಿ ಬೆಳೆಯುತ್ತವೆ. ಆಪು ಅಂದರೆ ಆಳೆತ್ತರದ ಜೊಂಡು, ತುದಿಯಲ್ಲಿ ಕಂದು ಬಣ್ಣದ ಕಡ್ಡಿಯಂಥ ತೆನೆ ಬರುತ್ತಲ್ಲ, ಅದು. ಜೇಕು ಅಂದರೆ ಮೂರು ಮೂಲೆಯ ದಂಟಿನ ಹುಲ್ಲು. ರೈತರಿಗೆ ಇದು ಕಳೆ. ಹೆಣೆಯೋ ಕೈಗೆ ಇದು ಬಂಡವಾಳ.

ಆ ಕೈಗಳಲ್ಲಿ ಹೆಸರು ಗೊತ್ತಿರುವ ಮೊದಲಿಗ ನಮ್ಮ ಜಿಲ್ಲೆಯವನೇ. ಹನ್ನೆರಡನೇ ಶತಮಾನದ ಶರಣ ನುಲಿಯ ಚಂದಯ್ಯ. ಊರು ಶಿವಣಗಿ. ನುಲಿ ಅಂದರೆ ಹೊಸೆ, ತಿರುಚು. ಕೆರೆಯ ದಂಡೆಗೆ ಹೋಗಿ ಹುಲ್ಲು ಕೊಯ್ಯೋದು, ಒಣಗಿಸಿ ಹಗ್ಗ ಹೊಸೆಯೋದು, ಸಂತೆಯಲ್ಲಿ ಮಾರೋದು, ಬಂದದ್ದರಲ್ಲಿ ಜಂಗಮ ದಾಸೋಹ ಮಾಡೋದು. ಇಷ್ಟೇ ಅವನ ದಿನಚರಿ. ಅವನ 48 ವಚನಗಳು ನಮಗೆ ಸಿಕ್ಕಿವೆ, ಅಂಕಿತ ಚಂದೇಶ್ವರಲಿಂಗ.

ಶೂನ್ಯ ಸಂಪಾದನೆಯಲ್ಲಿ ಬರೋ ಅವನ ಪ್ರಸಂಗ ನನಗೆ ಬಹಳ ಇಷ್ಟ. ಒಂದು ದಿನ ಹುಲ್ಲು ಕೊಯ್ಯುವಾಗ ಚಂದಯ್ಯನ ಇಷ್ಟಲಿಂಗ ಜಾರಿ ಬೀಳುತ್ತೆ. ಬೇರೆ ಯಾರೇ ಆಗಿದ್ದರೂ ಪ್ರಾಣ ಹೋದಂಗೆ ಮಾಡ್ತಿದ್ದರು. ಚಂದಯ್ಯ ತಿರುಗಿ ನೋಡದೆ ಹುಲ್ಲಿನ ಹೊರೆ ಎತ್ತಿಕೊಂಡು ಹೊರಟುಬಿಡ್ತಾನೆ. ಲಿಂಗವೇ ಅವನ ಹಿಂದೆ ಬಂದು ಗೋಗರೆಯುತ್ತೆ! ಮಡಿವಾಳ ಮಾಚಯ್ಯ ವಾದಕ್ಕೆ ನಿಲ್ತಾನೆ, ಅಲ್ಲಮ ಬರ್ತಾನೆ. ಚಂದಯ್ಯನ ಪಟ್ಟು ಒಂದೇ: ಗುರುವಾಗಲಿ, ಲಿಂಗವಾಗಲಿ, ಜಂಗಮವಾಗಲಿ, ಕಾಯಕ ಯಾರಿಗೂ ತಪ್ಪಿದ್ದಲ್ಲ. ಕೊನೆಗೆ ಲಿಂಗವೂ ಹಗ್ಗ ಮಾರಿ ಬರೋ ಕೆಲಸಕ್ಕೆ ಒಪ್ಪಿಕೊಳ್ಳಬೇಕಾಗುತ್ತೆ. ಜನ ಹೇಳೋ ಕಥೆಯಲ್ಲಿ ಇನ್ನೂ ಒಂದು ತಿರುವಿದೆ. ಆ ಹಗ್ಗಕ್ಕೆ ಬಸವಣ್ಣ ಭಕ್ತಿಯಿಂದ ರಾಶಿ ಹೊನ್ನು ಕೊಟ್ಟರೆ ಚಂದಯ್ಯ ಬೇಡ ಅಂತಾನೆ. ಹಗ್ಗಕ್ಕೆ ಹಗ್ಗದ ಬೆಲೆ ಸಾಕು. ಹೆಚ್ಚು ಬಂದರೆ ಅದು ದಾನ, ಕಾಯಕದ ಕೂಲಿ ಅಲ್ಲ.

ಸಂಬಳದ ಸ್ಲಿಪ್ ನೋಡಿಕೊಂಡು ಬದುಕೋ ನನ್ನಂಥವನಿಗೆ ಇದು ಕಥೆಯಾಗಿ ಮಾತ್ರ ಕೇಳಿಸಲ್ಲ. ಕೈಕೆಲಸದವನಿಗೆ ಬೇಕಿರೋದು ಕನಿಕರ ಅಲ್ಲ, ಸರಿಯಾದ ರೇಟು. ಒಂಬೈನೂರು ವರ್ಷದ ಹಿಂದೆ ಒಬ್ಬ ಹುಲ್ಲು ಕೊಯ್ಯುವವನು ಇದನ್ನ ದೇವರಿಗೇ ಹೇಳಿದ್ದ ಅಂದರೆ ನೋಡಿ.

ಕಲ್ಯಾಣದ ಕ್ರಾಂತಿಯ ನಂತರ ಚಂದಯ್ಯ ಚನ್ನಬಸವಣ್ಣನ ತಂಡದ ಜೊತೆ ಉಳವಿ ಕಡೆ ಹೋದ, ಕೊನೆಗೆ ಈಗಿನ ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲೂಕಿನ ನುಲೇನೂರಿನಲ್ಲಿ ನೆಲೆ ನಿಂತ ಅಂತಾರೆ. ಆ ಊರಿನ ಹೆಸರಲ್ಲೂ ನುಲಿ ಉಳಿದಿದೆ. ಕೊರಮ, ಕೊರವ ಅಂತೆಲ್ಲ ಕರೆಸಿಕೊಳ್ಳೋ ಸಮುದಾಯ ಅವನನ್ನು ತಮ್ಮ ಕುಲಗುರು ಅಂತ ನಂಬುತ್ತೆ. ಈಗ ಪ್ರತಿ ವರ್ಷ ನೂಲ ಹುಣ್ಣಿಮೆಗೆ ಸರ್ಕಾರವೇ ಅವನ ಜಯಂತಿ ಮಾಡುತ್ತೆ.

ಇನ್ನು ಆ ಸಮುದಾಯದ ಕೆಲಸ. ನಮ್ಮ ಕಡೆಯ ಒಂದು ರೈತರ ಮನೆ ಕಲ್ಪಿಸಿಕೊಳ್ಳಿ, ಐವತ್ತು ಅರವತ್ತು ವರ್ಷದ ಹಿಂದಿನದ್ದು. ಮಲಗೋಕೆ ಚಾಪೆ. ಕಸಕ್ಕೆ ಕಸಬರಿಗಿ. ಕಾಳು ತುಂಬೋಕೆ ತೊಗರಿ ಕಟ್ಟಿಗೆಯಲ್ಲಿ ಹೆಣೆದು ಸಗಣಿ ಬಳಿದ ಕಣಜ. ಹೊಲಕ್ಕೆ ಗೊಬ್ಬರ ಹೊರೋಕೆ ಬುಟ್ಟಿ. ಮೊಸರಿನ ಗಡಿಗೆ ಬೆಕ್ಕಿಗೆ ಸಿಗದ ಹಾಗೆ ತೂಗುಹಾಕೋಕೆ ನೆಲುವು. ಎತ್ತಿನ ಕೊರಳಿಗೆ ಕಣ್ಣಿ, ಬಾಯಿಗೆ ಬಾಯಿಬುಟ್ಟಿ. ಕಾರಹುಣ್ಣಿಮೆ ಬಂತು ಅಂದರೆ ಎತ್ತಿಗೆ ಹೊಸ ಹಗ್ಗ ಬೇಕೇ ಬೇಕು. ಇದರಲ್ಲಿ ಮುಕ್ಕಾಲು ಪಾಲು ಹೆಣೆದದ್ದು ಅಥವಾ ಹೊಸೆದದ್ದು. ಅವರಲ್ಲೇ ಕುಂಚಿಕೊರವ ಅಂತ ಒಂದು ಪಂಗಡ. ನೇಕಾರರು ಹಾಸಿಗೆ, ಅಂದರೆ ಮಗ್ಗದ ಉದ್ದ ಎಳೆಗಳಿಗೆ, ಗಂಜಿ ಹಚ್ಚೋ ದೊಡ್ಡ ಕುಂಚ ಮಾಡೋದು ಅವರ ಕಸುಬು. ಇಳಕಲ್ಲಿನ ಸೀರೆ ಬಗ್ಗೆ ನಾವೆಲ್ಲ ಹೆಮ್ಮೆಯಿಂದ ಬರೀತೀವಿ. ಮಗ್ಗದ ಹಿಂದೆ ಇಂಥ ಕೈಗಳೂ ಇದ್ದವು ಅಂತ ಯಾರೂ ಬರಿಯಲ್ಲ.

ಹಗ್ಗಕ್ಕೆ ಬರೀ ಕಾಡು ಹುಲ್ಲಲ್ಲ, ಬೆಳೆದ ನಾರೂ ಇತ್ತು. ನಾವು ಪಲ್ಲೆ ಮಾಡಿ ರೊಟ್ಟಿ ಜೊತೆ ತಿನ್ನೋ ಪುಂಡಿ ಇದೆಯಲ್ಲ, ಅದನ್ನ ಜೋಳದ ಹೊಲದಲ್ಲಿ ಒಂದೊಂದು ಸಾಲು ಬಿತ್ತುತ್ತಿದ್ದರು. ಎಳೇದಿದ್ದಾಗ ಎಲೆ ಅಡಿಗೆಗೆ. ಬಲಿತ ಮೇಲೆ ದಂಟು ಕೊಯ್ದು, ಕಟ್ಟು ಕಟ್ಟಿ, ಹಳ್ಳದ ನೀರಲ್ಲಿ ಕಲ್ಲು ಹೇರಿ ಕೊಳೆ ಹಾಕೋದು. ತೊಗಟೆ ಸಡಿಲಾದ ಮೇಲೆ ಸುಲಿದು, ಜಾಡಿಸಿ ತೊಳೆದು, ಒಣಗಿಸಿದರೆ ನಾರು. ಆ ನೀರಿನ ವಾಸನೆ ಒಮ್ಮೆ ಕುಡಿದವರು ಮರೆಯಲ್ಲ ಅಂತಿದ್ದಳು ಆಯಿ. ಬದುವಿನ ಕತ್ತಾಳೆಯೂ ಹೀಗೇ. ಅಟ್ಟದ ಮೇಲೆ ನನ್ನ ಹತ್ತು ನಿಮಿಷ ತಿಂದ ಹಗ್ಗ ಈ ಪುಂಡಿಯದ್ದೇ.

ಹಾಗಾದರೆ ಇಂಥ ಕೆಲಸಗಾರರು ಕಳ್ಳರಾದದ್ದು ಯಾವಾಗ?

ಇದಕ್ಕೆ ಇಸವಿ ಇದೆ. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯಿದೆ ಅಂತ ಒಂದನ್ನು ತಂತು, ಮೊದಲು ಉತ್ತರ ಭಾರತಕ್ಕೆ. 1911ರಲ್ಲಿ ಅದನ್ನು ತಿದ್ದಿ ಮುಂಬೈ, ಮದ್ರಾಸ್ ಪ್ರಾಂತ್ಯಗಳಿಗೂ ಹಬ್ಬಿಸಿದರು. ನಮ್ಮ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಕಾಯಿದೆಯ ಸಾರ ಇಷ್ಟೇ: ಒಂದು ಜಾತಿಯನ್ನೇ ಅಪರಾಧಿ ಅಂತ ಘೋಷಿಸಬಹುದು. ಆ ಜಾತಿಯಲ್ಲಿ ಹುಟ್ಟಿದ ತಪ್ಪಿಗೆ ಪೊಲೀಸ್ ಪುಸ್ತಕದಲ್ಲಿ ಹೆಸರು, ಬೆರಳಚ್ಚು, ಹಾಜರಿ. ಊರು ಬಿಟ್ಟು ಹೋಗೋಕೆ ಪಾಸು.

ಅದಕ್ಕೂ ಮುಂಚೆ ಇವರ ಹೊಟ್ಟೆಗೆ ಏಟು ಬಿದ್ದಿತ್ತು. ಮೀನಾ ರಾಧಾಕೃಷ್ಣ ಅನ್ನೋ ವಿದ್ವಾಂಸರು ಮದ್ರಾಸ್ ಪ್ರಾಂತ್ಯದ ಕೊರವರ ಬಗ್ಗೆ 2001ರಲ್ಲಿ ಒಂದು ಪುಸ್ತಕ ತಂದರು. ಅವರು ತೋರಿಸೋ ಪ್ರಕಾರ, ಕೊರವರು ಬುಟ್ಟಿ ಹೆಣೆಯೋದರ ಜೊತೆಗೆ ಎತ್ತು ಕತ್ತೆಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ಓಡಾಡೋ ವ್ಯಾಪಾರಿಗಳು. ರೈಲು ಬಂತು, ಉಪ್ಪು ರೈಲಿಗೆ ಹೋಯ್ತು. ಅರಣ್ಯ ಕಾನೂನು ಬಂತು, ಬಿದಿರು, ಎಲೆ, ಹುಲ್ಲು ಕೈತಪ್ಪಿದವು. ನಮ್ಮ ಕಡೆಗೂ ಅದೇ ಹೊತ್ತಿನಲ್ಲಿ ಇವೆಲ್ಲ ಬಂದವು. 1876ರಿಂದ 78ರವರೆಗೆ ಭೀಕರ ಬರ. 1878ರಲ್ಲಿ ಅರಣ್ಯ ಕಾಯಿದೆ. 1884ರ ಹೊತ್ತಿಗೆ ಹೋಟಗಿಯಿಂದ ಬಿಜಾಪುರದ ಮೇಲೆ ಗದಗಿಗೆ ರೈಲು. ಕೆಲಸ ಕಿತ್ತುಕೊಂಡ ಮೇಲೆ ಊರೂರು ಅಲೆಯೋದೇ ಅಪರಾಧದ ಸಾಕ್ಷಿ ಆಯ್ತು.

ಅಪರಾಧಿ ಬುಡಕಟ್ಟುಗಳಿಗೆ 'ಸೆಟ್ಲ್‌ಮೆಂಟ್' ಕಟ್ಟೋ ಕೆಲಸ ಮುಂಬೈ ಪ್ರಾಂತ್ಯದಲ್ಲಿ ಶುರುವಾದದ್ದು ನಮ್ಮ ಬಿಜಾಪುರದಲ್ಲೇ, 1910ರ ಹೊತ್ತಿಗೆ. ಅದನ್ನು ನಡೆಸಿದವನು ಸ್ಟಾರ್ಟೆ ಅನ್ನೋ ಐಸಿಎಸ್ ಅಧಿಕಾರಿ. ಹರಣಶಿಕಾರಿ, ಘಂಟಿಚೋರ, ಛಪ್ಪರಬಂದ ಮುಂತಾದವರನ್ನು ತಂದಿಟ್ಟರು. ಛಪ್ಪರಬಂದ ಅನ್ನೋ ಹೆಸರು ಗಮನಿಸಿ. ಮೊಗಲ್ ದಂಡಿನ ಜೊತೆ ಬಂದು ಹುಲ್ಲಿನ ಛಪ್ಪರ ಕಟ್ಟುತ್ತಿದ್ದವರು ಅಂತ ಅವರ ಮೂಲದ ಬಗ್ಗೆ ಹೇಳ್ತಾರೆ. ಅಲ್ಲೂ ಹುಲ್ಲೇ. ಬುಟ್ಟಿ ಹೆಣೆಯೋ ಕೈಕಾಡಿಗಳು, ಕೊರವರ ಕೆಲವು ಪಂಗಡಗಳು ಕೂಡ ಪ್ರಾಂತ್ಯದ ಪಟ್ಟಿಗೆ ಸೇರಿದವು. ಆಮೇಲೆ ಇದೇ ಮಾದರಿ ಸೊಲ್ಲಾಪುರ, ಹುಬ್ಬಳ್ಳಿ, ಗದಗಕ್ಕೆ ಹೋಯ್ತು. ಹುಬ್ಬಳ್ಳಿಯವರಿಗೆ ಸೆಟ್ಲ್‌ಮೆಂಟ್ ಅನ್ನೋದು ಇವತ್ತಿಗೂ ಒಂದು ಏರಿಯಾದ ಹೆಸರು.

ಸ್ಟಾರ್ಟೆಯನ್ನು ಬರೀ ಖಳನಾಯಕ ಮಾಡೋದು ಸುಲಭ. ಆದರೆ ಮುಂದೆ 1928ರಲ್ಲಿ ಮುಂಬೈ ಸರ್ಕಾರ ದಲಿತರು ಮತ್ತು ಆದಿವಾಸಿಗಳ ಸ್ಥಿತಿ ತಿಳಿಯೋಕೆ ನೇಮಿಸಿದ ಸಮಿತಿಗೆ ಇವನೇ ಅಧ್ಯಕ್ಷ, ಅಂಬೇಡ್ಕರ್ ಅದರ ಸದಸ್ಯರು. ಶಾಲೆ, ಕೆಲಸ ಕೊಟ್ಟು ಜನರನ್ನು ಸುಧಾರಿಸ್ತೀನಿ ಅಂತಲೇ ಅವನು ನಂಬಿದ್ದ. ನನಗೆ ಭಯ ಹುಟ್ಟಿಸೋದು ಅದೇ. ಒಳ್ಳೆ ಮನಸ್ಸಿನಿಂದ ಹಾಕಿದ ಬೇಲಿಯೂ ಬೇಲಿಯೇ.

ಈಗ ಇನ್ನೊಂದು ದೃಶ್ಯ ನೋಡಿ. ಅದೇ ಬಿಜಾಪುರ, ಅದೇ 1910. ಫ.ಗು. ಹಳಕಟ್ಟಿ ಅನ್ನೋ ವಕೀಲರು ಬಿ.ಎಲ್.ಡಿ.ಇ. ಸಂಸ್ಥೆ ಸ್ಥಾಪಿಸಿದ ವರ್ಷ ಅದು. ಅವರು ಮನೆ ಮನೆ, ಮಠ ಮಠ ತಿರುಗಿ ತಾಳೆಗರಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರತಂದರು. 1925ರಲ್ಲಿ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಚಂದಯ್ಯನಂಥ ಕಾಯಕದ ಶರಣರು ಅಚ್ಚಿನಲ್ಲಿ ನಮ್ಮ ಕೈಗೆ ಬಂದಿದ್ದರೆ ಅದಕ್ಕೆ ಮೊದಲ ಪುಣ್ಯ ಈ ಮನುಷ್ಯನದು. ಅಂದರೆ ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ, ಒಂದು ಕಡೆ ಹುಲ್ಲು ನುಲಿದವನ ಮಾತನ್ನು ಗರಿಯಿಂದ ಗರಿಗೆ ಹುಡುಕಿ ತೆಗೀತಿದ್ದರು. ಇನ್ನೊಂದು ಕಡೆ ಹುಲ್ಲು ಹೆಣೆಯೋ ಜನರನ್ನು ಹಾಜರಿ ಪುಸ್ತಕದಲ್ಲಿ ಬರೀತಿದ್ದರು. ಎರಡೂ ಬರವಣಿಗೆಯೇ. ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಗೇಟಿನ ಮುಂದೆ ಎಷ್ಟು ಸಲ ಬಸ್ಸಿಗೆ ಕಾದಿದ್ದೀನೋ ಲೆಕ್ಕವಿಲ್ಲ. ಈ ಎರಡನ್ನೂ ಒಟ್ಟಿಗಿಟ್ಟು ನೋಡಿದ್ದು ಈಗಲೇ.

ಮುಂಬೈ ಪ್ರಾಂತ್ಯದಲ್ಲಿ 1949ರಲ್ಲಿ ಕಾಯಿದೆ ರದ್ದಾಯ್ತು, ಇಡೀ ದೇಶದಲ್ಲಿ 1952ರ ಆಗಸ್ಟ್ 31ಕ್ಕೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಕೋಡ್ ಡಿಲೀಟ್ ಆಯ್ತು, ಕ್ಯಾಶ್ ಕ್ಲಿಯರ್ ಆಗಲಿಲ್ಲ. ಲಕ್ಷ್ಮಣ ಮಾನೆ ಕೈಕಾಡಿ ಜನರ ಬದುಕು ಬರೆದ 'ಉಪರಾ' ಅನ್ನೋ ಮರಾಠಿ ಆತ್ಮಕಥೆಗೆ 1981ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬೆನ್ನ ಮೇಲೆ ಬುಟ್ಟಿ ಕಡ್ಡಿ, ಊರ ಹೊರಗೆ ಬಿಡಾರ, ಅದೇ ಸಂಶಯ. ಇನ್ನೂ ಈಚಿನ ಮಾತು ಬೇಕಾ? 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚೋ ನಿಯಮಗಳನ್ನು ಹೊಡೆದುಹಾಕಿತು. ಆ ಪುಸ್ತಕಗಳಲ್ಲಿ ಈ ಹಳೇ ಬುಡಕಟ್ಟುಗಳ ಮೇಲಿನ ಸಂಶಯ ಅಲ್ಲಿಯವರೆಗೂ ಕೂತಿತ್ತು. ನಮ್ಮ ಮುತ್ಯಾನ ಬಾಯಲ್ಲಿ ಉಳಿದದ್ದು ಆಶ್ಚರ್ಯವೇ?

ಊರಲ್ಲಿದ್ದ ಮೂರನೇ ದಿನ ಗೆಳೆಯನ ಬೈಕು ತಗೊಂಡು ಬಬಲೇಶ್ವರ ಕಡೆ ಹೋದೆ. ಒಂದು ಊರಿನ ಅಂಚಿಗೆ, ರಸ್ತೆ ಪಕ್ಕ, ವಯಸ್ಸಾದ ಒಬ್ಬರು ಕೂತು ಹಗ್ಗ ಹೊಸೀತಿದ್ದರು. ಬೈಕು ನಿಲ್ಲಿಸಿದೆ. ಹೊಸೀತಿದ್ದದ್ದು ಹುಲ್ಲಲ್ಲ, ನಾರಲ್ಲ. ಗೊಬ್ಬರದ ಪ್ಲಾಸ್ಟಿಕ್ ಚೀಲದ ಎಳೆ ಬಿಚ್ಚಿ ಹೊಸೀತಿದ್ದರು.

"ಕಾಕಾ, ಪುಂಡಿ ನಾರಿನ ಹಗ್ಗ ಮಾಡಂಗಿಲ್ಲೇನ್ರಿ ಈಗ?"

"ಪುಂಡಿ ಯಾರ್ ಬಿತ್ತಾರ್ರೀ ಸರ? ಎಲ್ಲಾ ದ್ರಾಕ್ಷಿ, ಕಬ್ಬು. ಬಿತ್ತಿದ್ರೂ ಕೊಳಿ ಹಾಕಾಕ ನೀರಿಗೆ ಯಾರ್ ಬಿಡ್ತಾರ. ಚೀಲಾ ಬಿಟ್ಟಿ ಸಿಗ್ತಾವ."

"ಕೆರಿ ದಂಡ್ಯಾಗ ಆಪು ಬೇಕಾದಷ್ಟ ಐತಲ್ರಿ?"

ಅವರು ನಕ್ಕರು. "ಐತ್ರಿ. ಕುಡಗೋಲ ಹಿಡಕೊಂಡ ನಾ ದಂಡಿಗೆ ನಿಂತ್ರ, ಯಾವನೋ ನೀ, ಏನ ಕದಿಯಾಕ ಬಂದಿ ಅಂತಾರ. ನೀವ ನಿಂತ್ರ ಫೋಟೋ ತಗಿಯಾಕತ್ಯಾರ ಅಂತಾರ."

ಅದಕ್ಕೆ ಏನು ಉತ್ತರ ಕೊಡ್ತೀರಿ? ಒಂದು ಹಗ್ಗ ಕೊಂಡೆ. ಹೇಳಿದ ಬೆಲೆಗಿಂತ ಜಾಸ್ತಿ ಕೊಡೋಕೆ ಕೈ ಹೋಯ್ತು. ಚಂದಯ್ಯ ನೆನಪಾಗಿ, ಅವರು ಹೇಳಿದಷ್ಟೇ ಕೊಟ್ಟೆ.

ಅವರು ಹೇಳಿದ್ದು ನಿಜ. ಏತ ನೀರಾವರಿಯಿಂದ ಈಗ ಕೃಷ್ಣೆಯ ನೀರು ನಮ್ಮ ಕಡೆಯ ಕೆರೆಗಳಿಗೆ ಬರ್ತಿದೆ. ದಂಡೆಯಲ್ಲಿ ಜೊಂಡು ಎದ್ದಿದೆ. ತಮಿಳುನಾಡಿನ ತಿರುನೆಲ್ವೇಲಿ ಹತ್ತಿರ ಪತ್ತಮಡೈ ಅಂತ ಊರಿದೆ. ತಾಮ್ರಪರ್ಣಿ ಹೊಳೆ ದಂಡೆಯ ಕೋರೈ ಹುಲ್ಲನ್ನು ನೆನೆಸಿ, ಕೂದಲಿನಷ್ಟು ಸಣ್ಣಗೆ ಸೀಳಿ, ಬಟ್ಟೆಯ ಹಾಗೆ ಮಡಚಬಹುದಾದ ಚಾಪೆ ನೇಯ್ತಾರೆ. 2013ರಲ್ಲಿ ಅದಕ್ಕೆ ಜಿಐ ಮಾನ್ಯತೆ ಸಿಕ್ಕಿತು. ಕೋರೈ ನಮ್ಮ ಜೇಕಿನ ಬಳಗದ್ದೇ. ನಮ್ಮ ಹುಲ್ಲಿಗೂ ಕೈಗೂ ಅಷ್ಟು ಬುದ್ಧಿ ಇರಲಿಲ್ಲ ಅಂತ ಯಾರೂ ಹೇಳಲಾರರು. ಅಲ್ಲಿ ಹುಲ್ಲು ಕೊಯ್ಯುವವನನ್ನು ಕಸುಬುದಾರ ಅಂದರು, ಇಲ್ಲಿ ಸಂಶಯದಿಂದ ನೋಡಿದರು. ನೀರು ತಿರುಗಿ ಬಂದಿದೆ, ಹುಲ್ಲೂ ಬಂದಿದೆ. ಕೈಗಳನ್ನು ಮಾತ್ರ ನಾವು ಓಣಿಯ ಬಾಯಲ್ಲೇ ನಿಲ್ಲಿಸಿ ಕಳಿಸಿಬಿಟ್ಟೆವು.

ರಾತ್ರಿ ಊಟಕ್ಕೆ ಕೂತಾಗ ಅವ್ವನಿಗೆ ಕೇಳಿದೆ.

"ಆವತ್ತಿನ ತಂಬಿಗಿ ಆಮೇಲೆ ಸಿಕ್ತೇನಬೇ?"

ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ. "ಹೂಂ. ಎಂಟ ದಿನಕ್ಕ ಸಿಕ್ತು. ನಿಮ್ಮ ಮುತ್ಯಾನ ಹೊಲದ ಗುಡಿಸಲದಾಗ ಇಟ್ಟ ಮರತಿದ್ದ."

"ಮತ್ತ ಆಕೀಗೆ ಹೇಳಿದ್ರೇನು?"

"ಆಕಿ ಬರಲೇ ಇಲ್ಲಲ್ಲಪಾ. ಹೆಂಗ ಹೇಳೂದು?"

ಎಂಟು ದಿನಕ್ಕೆ ಸಿಕ್ಕಿತ್ತು. ಗಂಟು ಬಿಚ್ಚಿಸಿದ್ದು ಅದಾಗಿ ಎಷ್ಟೋ ತಿಂಗಳ ಮೇಲೆ. ಅಂದರೆ ಆಕೆ ಓಣಿಯ ಬಾಯಲ್ಲಿ ಒಂದೊಂದೇ ಸಾಮಾನು ತೆಗೆದು ತೋರಿಸುವಾಗ ತಂಬಿಗೆ ಮನೆಯಲ್ಲೇ ಇತ್ತು. ಈ ಲೆಕ್ಕ ಮಾಡಿ ಮುಗಿಯೋ ಹೊತ್ತಿಗೆ ರೊಟ್ಟಿ ಆರಿತ್ತು. ಅವ್ವನಿಗೆ ಮುಂದೆ ಏನೂ ಕೇಳಲಿಲ್ಲ. ಮುತ್ಯಾ ಹೋಗಿ ಏಳು ವರ್ಷ, ಆಯಿಯೂ ಇಲ್ಲ. ಆ ಮುದುಕಿ ಎಲ್ಲಿಯವಳು, ಹೆಸರೇನು, ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ವರ್ಷಗಟ್ಟಲೆ ಆಕೆ ಹೆಣೆದ ಚಾಪೆ ಮೇಲೆ ಮಲಗಿದವರು ನಾವು.

ತಂಬಿಗೆ ಇನ್ನೂ ಅಡಿಗೆಮನೆಯಲ್ಲಿದೆ. ಚಾಪೆಯನ್ನು ಜಾಡಿಸಿ, ಬಿಸಿಲಿಗೆ ಹಾಕಿ, ಬೆಂಗಳೂರಿಗೆ ತಂದಿದ್ದೀನಿ. ಅದೇ ಪುಂಡಿ ಹಗ್ಗದಿಂದ ಕಟ್ಟಿಕೊಂಡು ಬಂದೆ. ಆಕೆ ಹಾಕಿದ್ದ ಹಾಗೆ ಗಂಟು ಹಾಕೋಕೆ ಎಷ್ಟು ಪ್ರಯತ್ನ ಮಾಡಿದರೂ ನನಗೆ ಬರಲಿಲ್ಲ.

ನಿಮ್ಮ ಊರ ಕಡೆ ಆಪಿಗೆ, ಜೇಕಿಗೆ ಏನಂತಾರೆ? ಅದನ್ನ ಹೆಣೆಯೋರು ಇನ್ನೂ ಇದ್ದಾರಾ? ಇದ್ದರೆ ತಿಳಿಸಿ. ಅವರ ಹೆಸರೂ ಕೇಳಿಕೊಂಡು ಬನ್ನಿ.